ವಾಹನ ಸಂದೇಹ: ಪರಸಿಯ ಮೇಲಿನ ಹನಿ, ಕಣ್ಣಿಗೆ ಬೀಳದ ಆಯಿಲ್ ಮಟ್ಟ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಎಂಜಿನ್ ಆಯಿಲ್‌ಗೆ ಸಂಬಂಧಿಸಿದವು. ಐದನ್ನು ಆಯ್ದುಕೊಂಡಿದ್ದೇನೆ. ಮೊದಲ ಪತ್ರದ ಉತ್ತರ ಉದ್ದವಾಗಿದೆ; ಉಳಿದವರಿಗೂ ಅದರಲ್ಲಿ ಬೇಕಾದದ್ದು ಇರುವುದರಿಂದ ಕತ್ತರಿಸಲಿಲ್ಲ.

ಪ್ರಶ್ನೆ: ನನ್ನದು ಏಳು ವರ್ಷ ಹಳೆಯ ಪೆಟ್ರೋಲ್ ಕಾರು, 68,000 ಕಿ.ಮೀ. ಓಡಿದೆ. ಮನೆ ಮುಂದಿನ ಶಹಾಬಾದ್ ಪರಸಿಯ (ಹಾಸುಗಲ್ಲಿನ) ಮೇಲೆ ದಿನವೂ ಬೆಳಿಗ್ಗೆ ನಾಲ್ಕೈದು ಹನಿ ಆಯಿಲ್ ಬಿದ್ದಿರುತ್ತದೆ. ಒಬ್ಬ ಮೆಕ್ಯಾನಿಕ್ ಎಂಜಿನ್ ಇಳಿಸಲೇಬೇಕು ಎನ್ನುತ್ತಾರೆ. ಇನ್ನೊಬ್ಬರು ಏನೂ ಆಗುವುದಿಲ್ಲ, ಓಡಿಸಿರಿ ಎನ್ನುತ್ತಾರೆ. ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಇದುವರೆಗೆ ಹೊತ್ತಿಲ್ಲ. ಅದು ಹೊತ್ತುವವರೆಗೆ ಕಾಯಬಹುದೇ?
– ಬ್ಯಾಂಕ್ ನೌಕರರು, ಜೇವರ್ಗಿ ರಸ್ತೆ, ಕಲಬುರಗಿ

ಉತ್ತರ: ಕಾಯಬೇಡಿ. ಎಣ್ಣೆಗಿಂಡಿಯ ಚಿತ್ರವಿರುವ ಆ ಕೆಂಪು ದೀಪ ಎಂಜಿನ್‌ನಲ್ಲಿ ಎಷ್ಟು ಆಯಿಲ್ ಇದೆ ಎಂದು ಹೇಳುವುದಿಲ್ಲ. ಆಯಿಲ್‌ಗೆ ಒತ್ತಡ ಇದೆಯೇ ಇಲ್ಲವೇ ಎಂಬುದನ್ನಷ್ಟೇ ಹೇಳುತ್ತದೆ. ಎಂಜಿನ್ ಬ್ಲಾಕಿಗೆ ಕೂರಿಸಿರುವ ಚಿಕ್ಕ ಸ್ವಿಚ್ಚೊಂದು, ಒತ್ತಡ ಸುಮಾರು 0.3ರಿಂದ 0.5 ಬಾರ್‌ಗಿಂತ ಕೆಳಗಿಳಿದಾಗ ಅದನ್ನು ಹೊತ್ತಿಸುತ್ತದೆ. ಪಂಪು, ಎಂಜಿನ್‌ನ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರಿನ ತಳದಲ್ಲಿರುವ ಜಾಲರಿಯ ಮೂಲಕ ಆಯಿಲನ್ನು ಹೀರಿಕೊಳ್ಳುವುದರಿಂದ, ಆ ಜಾಲರಿ ಮುಳುಗಿರುವವರೆಗೆ, ಆಯಿಲ್ ಮಟ್ಟ ಅದನ್ನು ಅಳೆಯುವ ಗೇಜ್ ಕಡ್ಡಿಯ ಕನಿಷ್ಠ ಗೆರೆಗಿಂತ ಬಹಳ ಕೆಳಗೆ ಹೋಗಿದ್ದರೂ ಒತ್ತಡ ಸರಿಯಾಗಿಯೇ ಇರುತ್ತದೆ ಮತ್ತು ದೀಪ ಸುಮ್ಮನಿರುತ್ತದೆ. ಅದು ಮೊದಲು ಮಿನುಗುವುದು ತಿರುವಿನಲ್ಲಿ ಅಥವಾ ಜೋರಾಗಿ ಬ್ರೇಕ್ ಹಾಕಿದಾಗ, ಅಂದರೆ ಉಳಿದ ಆಯಿಲ್ ಒಂದು ಬದಿಗೆ ಸರಿದು ಜಾಲರಿ ಗಾಳಿಯನ್ನು ಹೀರಿದಾಗ.

ಹಲವು ವರ್ಷಗಳ ಹಿಂದೆ ಕಮಲಾಪುರ ದಾಟಿ ಹುಮನಾಬಾದಿನತ್ತ ಹೋಗುವಾಗ ನನ್ನದೇ ಕಾರಿನಲ್ಲಿ ದೀಪ ಹೀಗೆ ಮಿನುಗಿ ಆರಿತ್ತು. ವೈರು ಸಡಿಲವಾಗಿರಬೇಕೆಂದು ನಾನೇ ಸಮಾಧಾನ ಹೇಳಿಕೊಂಡು ಮುಂದೆ ಸಾಗಿದೆ. ಎರಡನೆಯ ಸಲ ದೀಪ ಹೊತ್ತಿದಾಗ, ಊರು ಇನ್ನೇನು ಬಂತು ಎಂದು ಮತ್ತೆ ಓಡಿಸಿದೆ. ಊರು ಬರುವ ಮೊದಲು ಎಂಜಿನ್‌ನ ಕೆಳಗಿನಿಂದ ಸುತ್ತಿಗೆಯಲ್ಲಿ ಬಡಿದಂಥ ಸದ್ದು ಶುರುವಾಯಿತು. ಬೇರಿಂಗ್‌ಗಳು ತೇದುಹೋಗಿದ್ದವು, ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡವನ್ನು) ಗ್ರೈಂಡಿಂಗ್‌ಗೆ ಕೊಡಬೇಕಾಯಿತು. ಒಂದು ಲೀಟರ್ ಆಯಿಲ್‌ನಲ್ಲಿ ಮುಗಿಯಬೇಕಾಗಿದ್ದ ಕೆಲಸವದು. ಕೆಂಪು ದೀಪ ಹೊತ್ತಿದರೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಮುಂದಿನ ಗ್ಯಾರೇಜು ಒಂದೇ ಕಿ.ಮೀ. ದೂರವಿದ್ದರೂ ಕಾರನ್ನು ಎಳೆಸಿಕೊಂಡು ಹೋಗಬೇಕು.

ಈಗ ನಿಮ್ಮ ಹನಿಗಳ ಲೆಕ್ಕ. ಸುಮಾರು 20 ಹನಿ ಸೇರಿದರೆ 1 ಮಿ.ಲೀ. ಆಗುತ್ತದೆ. ರಾತ್ರಿಗೆ ಐದು ಹನಿಯಂತೆ ತಿಂಗಳಿಗೆ 8 ಮಿ.ಲೀ. ಕೂಡ ಆಗದು, ಆದರೆ ಗೇಜ್ ಕಡ್ಡಿಯ ಮೇಲಿನ ಎರಡು ಗೆರೆಗಳ ನಡುವೆ ಅನೇಕ ಕಾರುಗಳಲ್ಲಿ ಮುಕ್ಕಾಲರಿಂದ ಒಂದು ಲೀಟರ್ ಹಿಡಿಸುತ್ತದೆ. ಪಾಲಿಶ್ ಇಲ್ಲದ ಶಹಾಬಾದ್ ಕಲ್ಲು ಆಯಿಲನ್ನು ಹೀರಿಕೊಂಡು ಒಂದು ಹನಿಯನ್ನು ರೂಪಾಯಿ ನಾಣ್ಯದಷ್ಟು ಅಗಲ ಮಾಡುವುದರಿಂದ, ಕಲೆ ನೋಡಿದವರಿಗೆ ಎದೆ ಧಸಕ್ ಎನ್ನುವುದು ಸಹಜ. ಹಾಗೆಂದು ಎರಡನೆಯ ಮೆಕ್ಯಾನಿಕ್ ಹೇಳಿದ್ದೇ ಸರಿ ಎನ್ನಲಾಗದು. ನಿಂತ ಕಾರಿನ ಸೋರಿಕೆಗೂ ಓಡುವ ಕಾರಿನ ಸೋರಿಕೆಗೂ ಅಜಗಜಾಂತರವಿದೆ: ಓಡುವಾಗ ಆಯಿಲ್ 100 ಡಿಗ್ರಿಯ ಆಸುಪಾಸಿನಲ್ಲಿ ಕಾದು ತೆಳ್ಳಗಾಗಿರುತ್ತದೆ, ಪಂಪಿನ ಒತ್ತಡ ಅದನ್ನು ಹೊರಕ್ಕೆ ತಳ್ಳುತ್ತಿರುತ್ತದೆ, ಬಿದ್ದದ್ದು ರಸ್ತೆಯ ಪಾಲಾಗಿ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಪಿಸ್ಟನ್ ರಿಂಗ್ ಸವೆದು ಉರಿದುಹೋಗುವ ಆಯಿಲ್ ಅಂತೂ ಒಂದು ಹನಿಯ ಗುರುತನ್ನೂ ಬಿಡುವುದಿಲ್ಲ.

ಆದ್ದರಿಂದ ಕಲೆಯನ್ನೂ ನಂಬದೆ, ದೀಪವನ್ನೂ ನಂಬದೆ, ಕಡ್ಡಿಯನ್ನು ನಂಬಿರಿ. ಸಮತಟ್ಟಾದ ಒಂದೇ ಜಾಗದಲ್ಲಿ, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು, ಕಡ್ಡಿಯನ್ನು ಒಮ್ಮೆ ಒರೆಸಿ ಮತ್ತೆ ಪೂರ್ತಿ ಇಳಿಸಿ ತೆಗೆದು ಎರಡೂ ಮುಖ ನೋಡಿರಿ. ಕೈಪಿಡಿ ಬಿಸಿ ಎಂಜಿನ್‌ನಲ್ಲೇ ನೋಡಬೇಕೆಂದು ಹೇಳಿದ್ದರೆ ಹಾಗೆಯೇ ಮಾಡಿರಿ. ಆದರೆ ಒಮ್ಮೆ ತಣ್ಣಗೆ, ಒಮ್ಮೆ ಬಿಸಿಯಲ್ಲಿ ಅಳೆದು ಹೋಲಿಸಬೇಡಿ. ನಾಲ್ಕು ಲೀಟರ್ ಆಯಿಲ್ 25 ಡಿಗ್ರಿಯಿಂದ 95 ಡಿಗ್ರಿಗೆ ಕಾದರೆ ಸುಮಾರು 200 ಮಿ.ಲೀ. ಹಿಗ್ಗುತ್ತದೆ, ಇಷ್ಟು ವ್ಯತ್ಯಾಸ ಸಾಕು, ಇಲ್ಲದ ಸೋರಿಕೆ ಇದೆಯೆಂದು ತೋರಲು. ಅಳತೆಯನ್ನು ಕಿ.ಮೀ. ಜೊತೆಗೆ ಒಂದು ಪುಸ್ತಕದಲ್ಲಿ ಬರೆದಿಡಿ. 1,000 ಕಿ.ಮೀ.ಗೆ ಎರಡು ಗೆರೆಗಳ ನಡುವಿನ ಕಾಲು ಭಾಗಕ್ಕಿಂತ ಕಡಿಮೆ ಇಳಿದರೆ ಮುಂದಿನ ಸರ್ವಿಸ್‌ವರೆಗೆ ಗಮನಿಸುತ್ತ ಓಡಿಸಬಹುದು. ಅರ್ಧ ಲೀಟರ್‌ನಷ್ಟು ಇಳಿದರೆ ಕೂಡಲೇ ಹುಡುಕಿಸಬೇಕೆಂಬುದು ನನ್ನ ಅಭಿಪ್ರಾಯ. ಕೆಲವು ಕಂಪನಿಗಳ ಕೈಪಿಡಿಗಳು 1,000 ಕಿ.ಮೀ.ಗೆ 1 ಲೀಟರ್‌ವರೆಗೆ ಸಹಜವೆಂದು ಬರೆದಿರುತ್ತವೆ. ಅದು ವಾರಂಟಿಯ ಜಗಳ ತಪ್ಪಿಸಲು ಬರೆದ ಮಾತೆಂದೇ ನಾನು ತಿಳಿದಿದ್ದೇನೆ.

ಎಂಜಿನ್ ಇಳಿಸುವ ಮಾತಿಗೆ ಬರೋಣ. ಮೇಲಿನ ಟ್ಯಾಪೆಟ್ ಕವರಿನ ರಬ್ಬರ್ ಪ್ಯಾಕಿಂಗು ಕಲಬುರಗಿಯ ಏಳು ಬೇಸಿಗೆಗಳನ್ನು ಕಂಡ ಮೇಲೆ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗಿರುತ್ತದೆ. ಅಲ್ಲಿಂದ ಜಿನುಗಿದ ಆಯಿಲ್ ಎಂಜಿನ್‌ನ ಹಿಂಬದಿಯಲ್ಲಿ ಇಳಿದು, ಗೇರ್‌ಬಾಕ್ಸ್ ಸೇರುವ ಕಡೆ ತೊಟ್ಟಿಕ್ಕುತ್ತದೆ. ಕೆಳಗಿನಿಂದ ನೋಡಿದವರಿಗೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ ಎನಿಸುವುದು ಹೀಗೆ. ಅದಕ್ಕೇ ಮೊದಲು ಎಂಜಿನ್ ಒರೆಸಿ ಶುಚಿಗೊಳಿಸಿ, ಒಂದೆರಡು ದಿನ ಓಡಿಸಿ, ಮೇಲಿನಿಂದ ಕೆಳಕ್ಕೆ ಹುಡುಕಬೇಕು: ಟ್ಯಾಪೆಟ್ ಕವರ್, ಒತ್ತಡದ ಸ್ವಿಚ್ಚು, ಆಯಿಲ್ ಫಿಲ್ಟರ್ (ಹಳೆಯ ರಿಂಗು ಅಂಟಿಕೊಂಡಿದ್ದು, ಅದರ ಮೇಲೆ ಹೊಸ ಫಿಲ್ಟರ್ ಬಿಗಿದ ಪ್ರಕರಣಗಳನ್ನು ಕಂಡಿದ್ದೇನೆ), ಡ್ರೇನ್ ಬೋಲ್ಟಿನ ವಾಶರ್, ಕೊನೆಗೆ ಚೇಂಬರ್. ಇತ್ತೀಚಿನ ಕಾರುಗಳಲ್ಲಿ ಎಂಜಿನ್‌ನ ಕೆಳಗೆ ಪ್ಲಾಸ್ಟಿಕ್ ಕವರ್ ಇರುವುದರಿಂದ ಆಯಿಲ್ ಅದರಲ್ಲಿ ನಿಂತು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಕವರ್ ಬಿಚ್ಚದೆ ತೀರ್ಪು ಕೊಡುವವರ ಮಾತಿಗೆ ಬೆಲೆ ಕೊಡಬೇಡಿ. ಎಂಜಿನ್ ಒಳಗಿನ ಹಬೆಯನ್ನು ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ ಮರಳಿಸುವ ಪಿಸಿವಿ ವಾಲ್ವ್ ಕಟ್ಟಿಕೊಂಡಿದೆಯೇ ಎಂಬುದನ್ನೂ ನೋಡಿಸಿರಿ, ಏಕೆಂದರೆ ಅದು ಕಟ್ಟಿದ್ದರೆ ಒಳಗೆ ಒತ್ತಡ ಹೆಚ್ಚಿ ಹೊಸ ಪ್ಯಾಕಿಂಗು ಕೂಡ ಕೆಲವೇ ತಿಂಗಳಲ್ಲಿ ಸೋರುತ್ತದೆ. ಹಿಂದಿನ ಸೀಲೇ ಹೋಗಿದ್ದರೂ ಬಹುಪಾಲು ಚಿಕ್ಕ ಕಾರುಗಳಲ್ಲಿ ಇಳಿಸಬೇಕಾದದ್ದು ಗೇರ್‌ಬಾಕ್ಸನ್ನು, ಎಂಜಿನ್ನನ್ನಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್‌ನಲ್ಲಿ ಜರ್ಮನ್ ಕಾರು ತೆಗೆದುಕೊಂಡೆ. ಇದರಲ್ಲಿ ಗೇಜ್ ಕಡ್ಡಿಯೇ ಇಲ್ಲ. ಪರದೆಯ ಮೇಲೆ ಆಯಿಲ್ ಕಡಿಮೆ ಎಂದು ಬಂತು, ಅರ್ಧ ಲೀಟರ್ ಹಾಕಿದೆ. ಹತ್ತು ನಿಮಿಷವಾದರೂ ಸಂದೇಶ ಹೋಗಲಿಲ್ಲ. ಇನ್ನೊಂದು ಲೀಟರ್ ಹಾಕಲೇ?
– ವ್ಯಾಪಾರಿ, ಬೀದರ್

ಉತ್ತರ: ಹಾಕಬೇಡಿ. ಇಂಥ ಕಾರುಗಳಲ್ಲಿ ಚೇಂಬರಿನ ತಳದಲ್ಲಿ ಸೆನ್ಸರ್ ಇರುತ್ತದೆ. ಹಲವು ಸೆನ್ಸರ್‌ಗಳು ನಮ್ಮ ಕಿವಿಗೆ ಕೇಳದ ಶಬ್ದದ ಅಲೆಯನ್ನು ಮೇಲಕ್ಕೆ ಕಳುಹಿಸಿ, ಆಯಿಲ್‌ನ ಮೇಲ್ಮೈಗೆ ತಾಗಿ ಅದು ಹಿಂದಿರುಗಲು ತೆಗೆದುಕೊಂಡ ಸಮಯದಿಂದ ಮಟ್ಟವನ್ನು ಲೆಕ್ಕ ಹಾಕುತ್ತವೆ. ಓಡುವ ಎಂಜಿನ್‌ನಲ್ಲಿ ಆಯಿಲ್ ಅಲ್ಲಾಡುತ್ತಲೇ ಇರುವುದರಿಂದ ಒಂದೇ ಅಳತೆಯನ್ನು ನಂಬದೆ ಹಲವು ಅಳತೆಗಳ ಸರಾಸರಿ ತೆಗೆಯುತ್ತವೆ. ಹೀಗಾಗಿ ಸುರಿದ ಆಯಿಲ್ ಪರದೆಗೆ ತಲುಪಲು ಕೆಲವು ಕಿ.ಮೀ. ಓಟ ಬೇಕಾಗಬಹುದು. ಕೆಲವು ಮಾದರಿಗಳಲ್ಲಿ ಎಂಜಿನ್ ಬಿಸಿಯಾಗಿ, ಚಾಲೂ ಇದ್ದು, ಕಾರು ಸಮತಟ್ಟಾದ ನೆಲದಲ್ಲಿ ನಿಂತಿರಬೇಕು. ಇನ್ನು ಕೆಲವುಗಳಲ್ಲಿ ಎಂಜಿನ್ ಆರಿಸಿ ಕೆಲವು ನಿಮಿಷ ಕಾಯಬೇಕು. ನಿಮ್ಮ ಕಾರಿನ ಕ್ರಮ ಯಾವುದೆಂದು ಕೈಪಿಡಿಯಲ್ಲಿ ನೋಡಿಕೊಂಡು ಅಳೆಯಿರಿ.

ಆಯಿಲ್ ಹೆಚ್ಚಾದರೂ ಎಂಜಿನ್‌ಗೆ ಕೇಡು. ಮಟ್ಟ ಕ್ರ್ಯಾಂಕಿಗೆ ತಾಗುವಷ್ಟು ಏರಿದರೆ ಅದು ಮಜ್ಜಿಗೆ ಕಡೆದಂತೆ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯನ್ನು ಹೀರಿದ ಪಂಪು ಒತ್ತಡ ಕೊಡಲಾರದು, ಹಬೆಯ ಪೈಪಿನ ಮೂಲಕ ಹೋಗಿ ಉರಿದ ಆಯಿಲ್, ಹೊಗೆ ಹಾದಿಯಲ್ಲಿ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ನಿಮ್ಮ ಕೈಪಿಡಿ ಹೇಳುವ ದರ್ಜೆಯ, ಸೀಲ್ ಒಡೆಯದ ಒಂದು ಲೀಟರ್ ಡಬ್ಬಿಯನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿರಿ. ಜಹೀರಾಬಾದ್ ದಾರಿಯಲ್ಲಿ ಸಂದೇಶ ಬಂದಾಗ ಆ ದರ್ಜೆಯದೇ ಸಿಗುತ್ತದೆಂಬ ಭರವಸೆ ಇಲ್ಲ. ಇನ್ನೊಂದು ಮಾತು: ಕೆಲವು ಕಾರುಗಳ ಪರದೆಯಲ್ಲಿ ಆಯಿಲ್‌ನ ಆಯುಸ್ಸು ಶೇ 60 ಎಂದು ಬರುತ್ತದೆ. ಅದು ಎಂಜಿನ್ ಓಡಿದ ರೀತಿ, ಶಾಖ, ಚಾಲೂ ಮಾಡಿದ ಸಲಗಳಿಂದ ಲೆಕ್ಕ ಹಾಕಿದ ಅಂದಾಜು. ಚೇಂಬರಿನಲ್ಲಿ ಶೇ 60 ಆಯಿಲ್ ಇದೆ ಎಂದು ಅದರ ಅರ್ಥವಲ್ಲ.

ಪ್ರಶ್ನೆ: ನನ್ನ ಬಿಎಸ್-6 ಡೀಸೆಲ್ ಕಾರಿನಲ್ಲಿ ಯಾರೂ ಆಯಿಲ್ ಹಾಕದಿದ್ದರೂ ಮಟ್ಟ ಗರಿಷ್ಠ ಗೆರೆಯನ್ನು ದಾಟಿದೆ. ಮನೆಯಿಂದ ಶಾಲೆಗೆ ಆರು ಕಿ.ಮೀ. ಅಷ್ಟೇ ನನ್ನ ಓಡಾಟ. ಇದು ಹೇಗೆ ಸಾಧ್ಯ?
– ಶಿಕ್ಷಕಿ, ಯಾದಗಿರಿ

ಉತ್ತರ: ಹೆಚ್ಚಾಗಿರುವುದು ಆಯಿಲ್ ಅಲ್ಲ ಮೇಡಂ, ಡೀಸೆಲ್. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾಲಿನ್ಯ ನಿಯಮದ ಡೀಸೆಲ್ ಕಾರುಗಳ ಹೊಗೆ ಹಾದಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಸೋಸುಕ ಇರುತ್ತದೆ. ಅದು ತುಂಬಿದಾಗ ಎಂಜಿನ್ ಒಂದಿಷ್ಟು ಹೆಚ್ಚುವರಿ ಡೀಸೆಲನ್ನು ತಡವಾಗಿ ಸಿಂಪಡಿಸಿ, ಸೋಸುಕದ ಶಾಖವನ್ನು ಸುಮಾರು 600 ಡಿಗ್ರಿಗೆ ಏರಿಸಿ ಮಸಿಯನ್ನು ಸುಡುತ್ತದೆ. ಆರು ಕಿ.ಮೀ. ಓಟದಲ್ಲಿ ಈ ಕೆಲಸ ಮುಗಿಯುವ ಮೊದಲೇ ನೀವು ಎಂಜಿನ್ ಆರಿಸುತ್ತೀರಿ. ಮರುದಿನ ಮತ್ತೆ ಶುರು, ಮತ್ತೆ ಅರ್ಧಕ್ಕೆ ನಿಲುಗಡೆ. ಸುಡದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ.

ಮೇಲಿನ ಹೆಚ್ಚುವರಿಯನ್ನಷ್ಟೇ ತೆಗೆಸಿದರೆ ಪ್ರಯೋಜನವಿಲ್ಲ, ಉಳಿದ ಆಯಿಲೂ ತೆಳ್ಳಗಾಗಿರುತ್ತದೆ; ಪೂರ್ತಿ ಬದಲಿಸಿರಿ, ಮತ್ತು ಡಿಪಿಎಫ್ ಕಾರಿಗೆ ಕೈಪಿಡಿ ಹೇಳುವ, ಉರಿದಾಗ ಕಡಿಮೆ ಬೂದಿ ಬಿಡುವ ಆಯಿಲನ್ನೇ ಹಾಕಿಸಿರಿ. ವಾರಕ್ಕೊಮ್ಮೆ ಶಹಾಪುರದವರೆಗೆ ಒಂದೇ ವೇಗದಲ್ಲಿ ನಿಲ್ಲಿಸದೆ ಹೋಗಿಬಂದರೆ ಸೋಸುಕ ತನ್ನ ಕೆಲಸ ಮುಗಿಸುತ್ತದೆ. ಇದರಲ್ಲಿ ಒಂದು ಮೋಸವೂ ಅಡಗಿದೆ: ಒಂದು ಕಡೆ ಆಯಿಲ್ ಸೋರುತ್ತಿದ್ದು ಇನ್ನೊಂದು ಕಡೆ ಡೀಸೆಲ್ ಸೇರುತ್ತಿದ್ದರೆ ಕಡ್ಡಿಯ ಮೇಲೆ ಮಟ್ಟ ತಿಂಗಳುಗಟ್ಟಲೆ ಕದಲುವುದಿಲ್ಲ. ಆದ್ದರಿಂದ ಡೀಸೆಲ್ ವಾಸನೆ ಇದೆಯೇ ಎಂದು ಕಡ್ಡಿಯನ್ನು ಮೂಸಿಯೂ ನೋಡಿರಿ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಎಂಜಿನ್ ತಂಪಾಗಿಸುವ ಕೂಲಂಟ್ ಸೇರಿರುವ ಸಂಭವವಿದೆ. ಆಗ ಎಂಜಿನ್ ಚಾಲೂ ಮಾಡದೆ ಗ್ಯಾರೇಜಿಗೆ ಫೋನ್ ಮಾಡಿರಿ.

ಪ್ರಶ್ನೆ: ನಮ್ಮ ಕಾರಿಗೆ ಕಂಪನಿಯವರು 0ಡಬ್ಲ್ಯು-20 ಆಯಿಲ್ ಹೇಳಿದ್ದಾರೆ. ನೀರಿನಂತೆ ತೆಳ್ಳಗಿದೆ, ಅಲ್ಲಲ್ಲಿ ಜಿನುಗುತ್ತದೆ. ನಮ್ಮ 44 ಡಿಗ್ರಿ ಬಿಸಿಲಿಗೆ 20ಡಬ್ಲ್ಯು-50 ಹಾಕಿದರೆ ಸೋರಿಕೆ ನಿಲ್ಲುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ.
– ಸಿಮೆಂಟ್ ಕಾರ್ಖಾನೆ ಉದ್ಯೋಗಿ, ಸೇಡಂ

ಉತ್ತರ: ನಿಂತಂತೆ ಕಾಣುತ್ತದೆ, ನಿಲ್ಲುವುದಿಲ್ಲ. ಗಟ್ಟಿಯಾದ ಸೀಲ್ ಗಟ್ಟಿಯಾಗಿಯೇ ಉಳಿಯುತ್ತದೆ. ಹೊರಗೆ 30 ಡಿಗ್ರಿ ಇರಲಿ, 44 ಇರಲಿ, ಕಾದ ಎಂಜಿನ್‌ನ ಒಳಗೆ ಆಯಿಲ್ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆಯಿಲ್ ಹೆಸರಿನ ಎರಡನೆಯ ಸಂಖ್ಯೆ (20, 50) ಸೂಚಿಸುವುದು ಆ ಶಾಖದಲ್ಲಿನ ಮಂದತನವನ್ನು. ಇಂದಿನ ಎಂಜಿನ್‌ಗಳಲ್ಲಿ ವಾಲ್ವ್ ಟೈಮಿಂಗ್ (ವಾಲ್ವ್‌ಗಳು ತೆರೆದು ಮುಚ್ಚುವ ಹೊತ್ತು) ಬದಲಿಸುವ ಭಾಗಗಳಿಗೆ ಆಯಿಲ್ ಹೋಗುವ ದಾರಿಗಳು ಬಹಳ ಸಣ್ಣವು, ಅಲ್ಲಿಗೆ ದಪ್ಪ ಆಯಿಲ್ ಸಕಾಲಕ್ಕೆ ತಲುಪದು. ಕೈಪಿಡಿಯ ಪಟ್ಟಿಯಲ್ಲಿ 5ಡಬ್ಲ್ಯು-30ಕ್ಕೂ ಒಪ್ಪಿಗೆ ಇದ್ದರೆ ಅದನ್ನು ಹಾಕಿಸಬಹುದು, ಅದಕ್ಕಿಂತ ಆಚೆ ಬೇಡ.

ನಿಮ್ಮೂರಿನಲ್ಲಿ ಚಿಂತಿಸಬೇಕಾದದ್ದು ಬಿಸಿಲಿಗಿಂತ ಹೆಚ್ಚಾಗಿ ಧೂಳನ್ನು. ಇಂಥ ಕಠಿಣ ಬಳಕೆಗೆಂದು ಕೈಪಿಡಿಯಲ್ಲಿ ಆಯಿಲ್ ಬದಲಿಸಲು ಬೇರೆ ಅವಧಿ ಕೊಟ್ಟಿರುತ್ತಾರೆ, ಅದನ್ನೇ ಪಾಲಿಸಿರಿ. ಆ ಧೂಳು ಒಂದು ಉಪಕಾರವನ್ನೂ ಮಾಡುತ್ತದೆ: ಬಾನೆಟ್ ತೆರೆದು ಟಾರ್ಚ್ ಬಿಟ್ಟರೆ, ಎಲ್ಲೆಡೆ ಒಣಗಿದ ಬೂದಿ ಬಣ್ಣದ ನಡುವೆ ಒಂದು ಕಡೆ ಮಾತ್ರ ಕಪ್ಪಾದ ಹಸಿ ಗೆರೆ ಇರುತ್ತದೆ, ಅದರ ಮೇಲ್ತುದಿಯೇ ಸೋರುವ ಜಾಗ. ಅಲ್ಲಿ ಹೊಸ ಪ್ಯಾಕಿಂಗು ಹಾಕಿಸಿರಿ. ಹೊರಗಿನಿಂದ ಸಿಲಿಕಾನ್ ಪೇಸ್ಟ್ ಬಳಿಸಬೇಡಿ. ಕೂಡುಜಾಗಕ್ಕೆ ಪೇಸ್ಟ್ ಹೆಚ್ಚಾಗಿ ಹಚ್ಚಿದರೂ ಒಳಕ್ಕೆ ಉಬ್ಬಿದ್ದು ಕಿತ್ತುಬಿದ್ದು ಪಂಪಿನ ಜಾಲರಿಯನ್ನು ಕಟ್ಟುತ್ತದೆ.

ಪ್ರಶ್ನೆ: ಪರಸಿ ಮೇಲಿನ ಆಯಿಲ್ ಕಲೆಗೆ ಆ್ಯಸಿಡ್ ಹಾಕಿ ತಿಕ್ಕಬಹುದೇ?
– ಗೃಹಿಣಿ, ಶಹಾಬಾದ್

ಉತ್ತರ: ಬೇಡಿ. ನಿಮ್ಮೂರಿನ ಕಲ್ಲು ಸುಣ್ಣದ ಕಲ್ಲು. ಆ್ಯಸಿಡ್ ಕಲೆಯನ್ನು ಬಿಟ್ಟು ಕಲ್ಲನ್ನು ತಿನ್ನುತ್ತದೆ. ಹಸಿ ಕಲೆಯ ಮೇಲೆ ಸೀಮೆಸುಣ್ಣದ ಪುಡಿಯನ್ನೋ ಗೋಧಿ ಬೂಸವನ್ನೋ ದಪ್ಪಗೆ ಹರಡಿ ಒಂದು ರಾತ್ರಿ ಬಿಟ್ಟು, ಗುಡಿಸಿ ತೆಗೆದು, ಬಟ್ಟೆ ಸೋಪಿನ ಪುಡಿಯಿಂದ ತಿಕ್ಕಿರಿ. ಹಳೆಯ ಕಲೆಗೆ ಎರಡು ಮೂರು ಸಲ ಹೀಗೆ ಮಾಡಬೇಕಾಗುತ್ತದೆ. ಆಯಿಲ್ ಹೀರಿದ ಪುಡಿಯನ್ನು ಚರಂಡಿಗೆ ಸುರಿಯಬೇಡಿ, ಬೂಸವನ್ನು ದನಗಳ ಬಾಯಿಗೆ ಸಿಗುವಲ್ಲಿ ಎಸೆಯಬೇಡಿ. ಕಲೆ ಹೋದ ದಿನ ರಾತ್ರಿಯೇ ಕಾರಿನ ಮುಂಭಾಗದ ಅಡಿಗೆ ಅಗಲವಾದ ರಟ್ಟೊಂದನ್ನು ಹಾಸಿ, ಮುಂದಿನ ಎರಡು ಚಕ್ರಗಳ ನೇರಕ್ಕೆ ಪೆನ್ನಿನಿಂದ ಗುರುತು ಹಾಕಿಡಿ. ಬೆಳಿಗ್ಗೆ ಹನಿ ಬಿದ್ದ ಜಾಗ ಸಮೇತ ಆ ರಟ್ಟನ್ನೇ ಮೆಕ್ಯಾನಿಕ್‌ಗೆ ತೋರಿಸಿದರೆ, ಎಲ್ಲಿಂದ ಹುಡುಕಲು ಶುರುಮಾಡಬೇಕೆಂಬುದು ಅವರಿಗೆ ತಿಳಿಯುತ್ತದೆ.