ಕೇಳ್ರಿ, ಹೇಳ್ತೀವಿ: ಬಳ್ಳಾರಿ ಬಿಸಿಲಲ್ಲಿ ಐಸ್ ಕಟ್ಟೋ ಪೈಪು

ಪ್ರಶ್ನೆ: ನಮ್ಮಪ್ಪನ್ನ ಅಡ್ಮಿಟ್ ಮಾಡಿದ್ದ ಆಸ್ಪತ್ರೆ ಹಿಂದ್ಗಡೆ ಒಂದು ದೊಡ್ಡ ಬಿಳಿ ಟ್ಯಾಂಕ್ ಐತೆ ಸರ್, ಪಕ್ಕದಲ್ಲಿ ಅಲ್ಯೂಮಿನಿಯಂ ರೆಕ್ಕೆ ಇರೋ ಪೈಪುಗಳು. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಆ ಪೈಪ್ ಮೇಲೆ ಬೆರಳು ದಪ್ಪ ಐಸು! ಆಗಾಗ ಬುಸ್ ಅಂತ ಗಾಳಿ ಬೇರೆ ಬಿಡುತ್ತೆ. ಲೀಕ್ ಆಗ್ತಿದೆಯಾ? ಒಳಗೆ ಫ್ರಿಜ್ ಇಟ್ಟಿದಾರಾ?
– ಓದುಗರೊಬ್ಬರು, ಸಂಡೂರು

ಉತ್ತರ: ಫ್ರಿಜ್ ಇಲ್ಲ, ಕರೆಂಟೂ ಬೇಡ. ಅದು ಪೇಷಂಟ್‌ಗಳಿಗೆ ಕೊಡೋ ಆಕ್ಸಿಜನ್ನನ್ನ ದ್ರವ ರೂಪದಲ್ಲಿ ಇಟ್ಟಿರೋ ಟ್ಯಾಂಕು, ಚಹಾ ಫ್ಲಾಸ್ಕ್ ಇದ್ದಂಗೆ. ಒಳಗೊಂದು ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕು, ಹೊರಗೊಂದು ಟ್ಯಾಂಕು, ನಡುವೆ ಪರ್ಲೈಟ್ ಅನ್ನೋ ಹಗುರ ಪುಡಿ ತುಂಬಿ ಗಾಳಿ ಎಳೆದುಬಿಟ್ಟಿರ್ತಾರೆ. ಮಜಾ ಅಂದ್ರೆ ಫ್ಲಾಸ್ಕ್ ಹುಟ್ಟಿದ್ದು ಚಹಾಕ್ಕಲ್ಲ, 1892ರಲ್ಲಿ ಜೇಮ್ಸ್ ಡ್ಯೂವರ್ ಮಾಡಿದ್ದೇ ಇಂಥ ತಣ್ಣನೆ ದ್ರವ ಇಡೋಕೆ, ಚಹಾ ಆಮೇಲೆ ಬಂತು.

ಆಕ್ಸಿಜನ್ ಮೈನಸ್ 183 ಡಿಗ್ರಿಗೇ ಕುದಿಯುತ್ತೆ, ಹಂಗಾಗಿ ಎಷ್ಟೇ ಬಂದೋಬಸ್ತ್ ಮಾಡಿದ್ರೂ ಒಳಗೆ ಸಣ್ಣಗೆ ಕುದೀತಾನೇ ಇರುತ್ತೆ, ಒತ್ತಡ ಏರುತ್ತೆ, ವಾಲ್ವ್ ಬುಸ್ ಅಂತ ಬಿಡುತ್ತೆ. ಪೇಷಂಟ್ ಕಮ್ಮಿ ಇದ್ದು ಗ್ಯಾಸ್ ಖರ್ಚಾಗದೆ ಇದ್ದ ದಿನ ಬುಸ್ ಜಾಸ್ತಿ. ಬಿಡ್ತಿದ್ರೆ ವಾಲ್ವ್ ಕೆಲಸ ಮಾಡ್ತಿದೆ ಅಂತ. ಇನ್ನು ಆ ರೆಕ್ಕೆ ಪೈಪಿನ ಹೆಸ್ರು ವೇಪೊರೈಸರ್, ಹೊರಗಿನ ಶಾಖ ಹೀರ್ಕೊಂಡು ದ್ರವಾನ ಗ್ಯಾಸ್ ಮಾಡುತ್ತೆ, ಗಾಳೀಲಿರೋ ತೇವ ಅದಕ್ಕೆ ಅಂಟ್ಕೊಂಡು ಐಸಾಗುತ್ತೆ. ನಮ್ ಬಿಸಿಲು ಒಂದು ಕೆಲಸಕ್ಕಾದ್ರೂ ಬಂತಲ್ಲ!

ಸಿಲಿಂಡರ್ ಬಿಟ್ಟು ಟ್ಯಾಂಕ್ ಯಾಕೆ ಅಂದ್ರೆ, ಒಂದು ಲೀಟರ್ ದ್ರವ ಸುಮಾರು 860 ಲೀಟರ್ ಗ್ಯಾಸ್ ಆಗುತ್ತೆ. 6,000 ಲೀಟರ್ ಟ್ಯಾಂಕ್ ಅಂದ್ರೆ 700ಕ್ಕೂ ಜಾಸ್ತಿ ಜಂಬೋ ಸಿಲಿಂಡರು, ಅಷ್ಟನ್ನ ಉರುಳಿಸ್ಕೊಂಡು ಬರೋರು ಯಾರು? 2021ರಲ್ಲಿ ಕೊರೊನಾ ಎರಡನೇ ಅಲೆ ಬಂದಾಗ ನಿಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಕ್ಸಿಜನ್ ಟ್ಯಾಂಕರ್‌ಗಳು ಹೊರಟಿದ್ದು ನೆನಪಿರ್ಬೇಕು. ಉಕ್ಕು ಮಾಡೋಕೆ ಆಕ್ಸಿಜನ್ ಊದ್ಬೇಕು, ಅದಕ್ಕೆ ಕಾರ್ಖಾನೆ ಹತ್ರಾನೇ ಗಾಳಿ ತಣ್ಣಗೆ ಮಾಡಿ ಆಕ್ಸಿಜನ್, ನೈಟ್ರೋಜನ್, ಆರ್ಗಾನ್ ಬೇರೆ ಮಾಡ್ತಾರೆ. ಒಂದೇ ಮಾತು, ಆ ಟ್ಯಾಂಕ್ ಹತ್ರ ಬೀಡಿ ಹಚ್ಚೋದು, ಎಣ್ಣೆ ಗ್ರೀಸ್ ಕೈಲಿ ವಾಲ್ವ್ ಮುಟ್ಟೋದು ಬೇಡವೇ ಬೇಡ. ದ್ರವ ಆಕ್ಸಿಜನ್ ಡಾಂಬರಿನ ಮೇಲೆ ಚೆಲ್ಲಿದ್ರೆ, ಅದರ ಮೇಲೆ ಒಂದು ಏಟು ಬಿದ್ರೂ ಸಿಡಿಬಹುದು, ಅದಕ್ಕೇ ಟ್ಯಾಂಕರ್ ನಿಲ್ಲೋ ಜಾಗಕ್ಕೆ ಕಾಂಕ್ರೀಟ್ ಹಾಕಿರ್ತಾರೆ.

ಪ್ರಶ್ನೆ: ಎಮ್ಮೆ ಬೆದೆಗೆ ಬಂದಿತ್ತು, ಗಬ್ಬಕ್ಕೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕ್ಸೋಣ ಅಂತ ಫೋನ್ ಮಾಡಿದ್ರೆ "ಕ್ಯಾನಲ್ಲಿ ಲಿಕ್ವಿಡ್ ಖಾಲಿ ಆಗೈತ್ರಿ" ಅಂದ್ರು. ಯಾರೂ ಬಳಸದೆ ಹೆಂಗ್ರಿ ಖಾಲಿ ಆಗುತ್ತೆ?
– ರೈತರು, ಕುಷ್ಟಗಿ

ಉತ್ತರ: ಸುಳ್ಳು ಹೇಳಿಲ್ಲ ಬಿಡ್ರಿ. ಅದು ದ್ರವ ನೈಟ್ರೋಜನ್, ಮೈನಸ್ 196 ಡಿಗ್ರಿ, ವೀರ್ಯ ತುಂಬಿದ ಸಣ್ಣ ಕೊಳವೆ, ಅಂದ್ರೆ ಸ್ಟ್ರಾ, ಅದರೊಳಗೆ ಮುಳುಗಿದ್ರೇನೇ ಜೀವಂತ. ಕ್ಯಾನ್ ಮುಚ್ಚಳ ಬೇಕಂತಲೇ ಸಡಿಲ, ಬಿಗಿ ಹಾಕಿದ್ರೆ ಕ್ಯಾನೇ ಒಡೆಯುತ್ತೆ, ಹಂಗಾಗಿ ಸುಮ್ನೆ ಇಟ್ರೂ ದಿನಾ ಒಂಚೂರು ಆವಿ ಆಗಿ ಹೋಗುತ್ತೆ. ಆದ್ರೆ ಎಷ್ಟು ಉಳಿದಿದೆ ಅಂತ ನೋಡ್ಕೊಳ್ಳೋದು ಅವರ ಕೆಲಸ, ಅದು ನನ್ ಅಭಿಪ್ರಾಯ. ಮರದ ಸ್ಕೇಲ್ ತಳದವರೆಗೆ ಇಳಿಸಿ ತೆಗೆದು ಗಾಳೀಲಿ ಒಂದ್ಸಲ ಆಡಿಸಿದ್ರೆ ಎಲ್ಲಿವರೆಗೆ ಬಿಳಿ ಹಿಮ ಕೂತಿರುತ್ತೋ ಅಷ್ಟು ಲಿಕ್ವಿಡ್, ಅರ್ಧ ನಿಮಿಷದ ಕೆಲಸ. ನೀವೂ ಒಂದು ಗಮನಿಸ್ರಿ, ಸ್ಟ್ರಾ ತೆಗೆದವರು ಅದನ್ನ ಅಂಗೈಲಿ ಉಜ್ಜಿ ಕರಗಿಸ್ತಿದ್ರೆ ಬೇಡ ಅನ್ನಿ, 37 ಡಿಗ್ರಿ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷ ಇಡ್ಬೇಕು. ಆ ಕ್ಯಾನನ್ನ ಗ್ಲಾಸ್ ಏರಿಸಿದ ಕಾರಲ್ಲಿ ತರಬೇಡಿ, ನೈಟ್ರೋಜನ್ನಿಗೆ ವಾಸನೆ ಇಲ್ಲ, ಉಸಿರಾಡೋ ಆಕ್ಸಿಜನ್ ಕಮ್ಮಿ ಆಗಿದ್ದು ಗೊತ್ತೇ ಆಗಲ್ಲ.

ಪ್ರಶ್ನೆ: ಜಾತ್ರೇಲಿ ಹೊಗೆ ಬಿಸ್ಕತ್ ಬೇಕು ಅಂತ ಮಗ ಹಟ ಮಾಡ್ತಾನೆ, ಕೊಡಿಸ್ಲಾ?
– ತಾಯಿ, ಸಿಂಧನೂರು

ಉತ್ತರ: ಬೇಡಮ್ಮ. ಆ ಬಿಸ್ಕತ್ತಿನ ಹೊಗೆ ಬರೋದು ಇದೇ ದ್ರವ ನೈಟ್ರೋಜನ್ನಿಂದ. ಬಿಸ್ಕತ್ತಿನ ತೂತಲ್ಲಿ ಒಂದು ಹನಿ ಉಳಿದು ಒಳಗೆ ಹೋದ್ರೆ ಸುಮಾರು 700 ಪಟ್ಟು ಉಬ್ಬುತ್ತೆ, ಆಸ್ಪತ್ರೆ ಟ್ಯಾಂಕಿಗಿರೋ ಥರ ಹೊಟ್ಟೆಗೆ ವಾಲ್ವ್ ಇಲ್ಲ. ಮಿರ್ಚಿ ಮಂಡಕ್ಕಿ ಕೊಡಿಸಿ ಕರ್ಕೊಂಡ್ ಬನ್ನಿ.