ಹೊಸ ಸೀರೆ ಹೋಯಿತು, ಹಳೆಯ ಸೀರೆ ಬಂತು

ಪ್ರಶ್ನೆ: ನಾನು ಇಳಕಲ್‌ನವಳು. ಮನೆಯ ಮಗ್ಗದಲ್ಲಿ ನೇಯ್ದ ಸೀರೆಗಳನ್ನು ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ ಮಾರುತ್ತೇನೆ. ಕಳೆದ ವಾರ 4,200 ರೂಪಾಯಿಯ ಸೀರೆ ಕೊಂಡವರು ‘ಬಣ್ಣ ಹಿಡಿಸಲಿಲ್ಲ’ ಎಂದು ಹಿಂದಿರುಗಿಸಿದರು. ಪಾರ್ಸೆಲ್ ಬಿಚ್ಚಿದರೆ ಒಳಗಿದ್ದದ್ದು ಉಟ್ಟು, ಒಗೆದು ಮಾಸಿದ ಬೇರೆ ಸೀರೆ. ಅಷ್ಟರಲ್ಲಿ ಅವರ ಹಣ ಅವರಿಗೆ ಮರಳಿಯಾಗಿತ್ತು. ಗ್ರಾಹಕರ ಆಯೋಗಕ್ಕೆ ಹೋಗಬಹುದೇ? ಅವರ ಹೆಸರು, ವಿಳಾಸವನ್ನು ಫೇಸ್‌ಬುಕ್‌ನಲ್ಲಿ ಹಾಕಬಹುದೇ?

ಉತ್ತರ: ಫೇಸ್‌ಬುಕ್‌ನಲ್ಲಿ ಹಾಕಬೇಡಿ. ವಾರಗಟ್ಟಲೆ ಮಗ್ಗದ ಮುಂದೆ ಕುಳಿತವರ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ. ಆದರೆ ಸೀರೆ ಬದಲಾದದ್ದು ಕೊಂಡವರ ಮನೆಯಲ್ಲೋ, ದಾರಿಯ ಗೋದಾಮಿನಲ್ಲೋ ಇನ್ನೂ ತಿಳಿದಿಲ್ಲ. ಹೆಸರು ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನನಷ್ಟದ ದೂರು ನಿಮ್ಮ ಮೇಲೆಯೇ ಬರಬಹುದು.

ಗ್ರಾಹಕರ ಆಯೋಗ ಕೊಳ್ಳುವವರಿಗಾಗಿ ಇರುವುದು. ಕೊಂಡವರ ವಿರುದ್ಧ ಮಾರಿದವರು ಅಲ್ಲಿಗೆ ಹೋಗುವಂತಿಲ್ಲ. ನಿಮಗಿರುವುದು ಎರಡು ದಾರಿ. ಮೊದಲನೆಯದು, ಮಾರಾಟದ ತಾಣದಲ್ಲಿ ಪರಿಹಾರದ ಅರ್ಜಿ. ಇದಕ್ಕೆ ಗಡುವು ಇರುತ್ತದೆ, ಬಹಳ ಸಲ ಕೆಲವೇ ದಿನ. ಆದ್ದರಿಂದ ಇವತ್ತೇ ಹಾಕಿ. ಅರ್ಜಿಯಲ್ಲಿ ತೂಕದ ಮಾತು ಎತ್ತಿ. ನೀವು ಕಳುಹಿಸಿದಾಗಿನ ರಸೀದಿಯಲ್ಲಿ ಒಂದು ತೂಕವಿರುತ್ತದೆ. ಕೊಂಡವರ ಮನೆಯಿಂದ ಹೊರಟಾಗ ಕೊರಿಯರ್‌ನವರು ದಾಖಲಿಸಿದ ತೂಕವನ್ನು ಕೇಳಿ ಪಡೆಯಿರಿ. ಈಗ ನಿಮ್ಮ ಕೈಯಲ್ಲಿರುವುದನ್ನೂ ಹಾಗೆಯೇ ತೂಗಿ. ಎಲ್ಲಿ ತೂಕ ಬದಲಾಯಿತೋ ಅಲ್ಲಿ ಸೀರೆ ಬದಲಾಗಿರುವ ಸಾಧ್ಯತೆ ಹೆಚ್ಚು.

ಎರಡನೆಯದು ಪೊಲೀಸ್ ದೂರು. ಬೇಕೆಂದೇ ಸೀರೆ ಬದಲಿಸಿ ಹಣ ಪಡೆದಿದ್ದರೆ ಅದು ಅದೇ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆ. ‘ಕೊಂಡವರು ಬೇರೆ ಊರಿನವರು, ಅಲ್ಲಿಗೆ ಹೋಗಿ’ ಎಂದರೆ ಎದ್ದು ಬರಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಇಂಥ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಂದ ಹಳೆಯ ಸೀರೆ, ಅದರ ಚೀಲ, ಮೇಲಿನ ಚೀಟಿ ಯಾವುದನ್ನೂ ಎಸೆಯಬೇಡಿ.

ಆದರೆ ಮುಂದಿನ ಸೀರೆಯ ಸಾಕ್ಷ್ಯ ಅದು ಮನೆ ಬಿಡುವ ಮೊದಲೇ ಸಿದ್ಧವಾಗಿರಬೇಕು. ಸೆರಗಿನ ಒಳಮಗ್ಗುಲಿನ ಮೂಲೆಯಲ್ಲಿ, ನೇಯ್ಗೆಗೆ ಧಕ್ಕೆಯಾಗದಂತೆ, ಬೇರೆ ಬಣ್ಣದ ದಾರದಿಂದ ಎರಡೇ ಎರಡು ಹೊಲಿಗೆ ಹಾಕಿ. ಮೊಬೈಲನ್ನು ಒಂದೆಡೆ ನಿಲ್ಲಿಸಿ, ಎಲ್ಲಿಯೂ ತುಂಡರಿಸದೆ ವಿಡಿಯೊ ಮಾಡಿ: ಸೀರೆ ಹರಡುವುದು, ಸೆರಗು, ಆ ಹೊಲಿಗೆ, ಮಡಿಸುವುದು, ತಕ್ಕಡಿಯ ಅಂಕಿ, ಟೇಪು, ಚೀಟಿಯ ಮೇಲಿನ ಸಂಖ್ಯೆ. ವಾಪಸ್ ಬಂದಾಗಲೂ ಹೀಗೆಯೇ, ಟೇಪು ಕತ್ತರಿಸುವ ಮೊದಲು ಆರೂ ಮಗ್ಗುಲು ತೋರಿಸಿ. ಟೇಪು ಎರಡು ಪದರ ಕಂಡರೆ, ಸಹಿ ಹಾಕುವ ಅಥವಾ ಒಟಿಪಿ ಹೇಳುವ ಮೊದಲೇ ಕೊರಿಯರ್‌ನವರಿಗೆ ತೋರಿಸಿ ಬರೆಸಿಕೊಳ್ಳಿ. ವಿಡಿಯೊದ ಮೂಲ ಪ್ರತಿ ಫೋನಿನಲ್ಲೇ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಪ್ರತಿ ಕುಗ್ಗಿರುತ್ತದೆ. ನ್ಯಾಯಾಲಯದ ಹಂತಕ್ಕೆ ಹೋದರೆ ವಿಡಿಯೊದಂಥ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಕೊಡಬೇಕಾಗುತ್ತದೆ.

ಇನ್ನೊಂದು ಮಾತು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಸರಕು ದೋಷವಿದ್ದರೆ, ನಕಲಿಯಾಗಿದ್ದರೆ, ತೋರಿಸಿದ್ದಕ್ಕಿಂತ ಬೇರೆಯಾಗಿದ್ದರೆ ಮಾರುವವರು ವಾಪಸ್ ಪಡೆಯಲೇಬೇಕು. ಬರೀ ‘ಬಣ್ಣ ಹಿಡಿಸಲಿಲ್ಲ’ ಎನ್ನುವುದು ಆ ಪಟ್ಟಿಯಲ್ಲಿಲ್ಲ, ಅದು ತಾಣದ ಸ್ವಂತ ನಿಯಮ. ನೀವೇ ನೇರವಾಗಿ ಮಾರುವಾಗ ನಿಮ್ಮ ಷರತ್ತು ಹಾಕಬಹುದು, ಕೊಳ್ಳುವ ಮೊದಲೇ ಕಾಣುವಂತೆ ಬರೆದಿರಬೇಕು. ಸೀರೆಯ ಬಣ್ಣವನ್ನು ಹಗಲು ಬೆಳಕಿನಲ್ಲೇ ಫೋಟೊ ತೆಗೆಯಿರಿ. ಪ್ರಾಮಾಣಿಕವಾಗಿ ನಿರಾಶರಾಗುವ ಕೊಳ್ಳುವವರೂ ಇದ್ದಾರೆ, ಅವರನ್ನು ಕಳ್ಳರಂತೆ ಕಾಣಬಾರದು.

ಪ್ರಶ್ನೆ: ಮೈಸೂರಿನಲ್ಲಿ ಹಳೆಯ ಮಂಚ ಮಾರಲು ಜಾಹೀರಾತು ಹಾಕಿದ್ದೆ. ಸೇನೆಯಲ್ಲಿದ್ದೇನೆ ಎಂದವರೊಬ್ಬರು ಚೌಕಾಸಿಯನ್ನೇ ಮಾಡದೆ ಒಪ್ಪಿ, ‘ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಹಣ ಬರುತ್ತದೆ’ ಎನ್ನುತ್ತಿದ್ದಾರೆ. ಮಾಡಲೇ?

ಉತ್ತರ: ಮಾಡಬೇಡಿ. ಯುಪಿಐನಲ್ಲಿ ಹಣ ಪಡೆಯಲು ಸ್ಕ್ಯಾನ್ ಬೇಡ, ಪಿನ್ ಬೇಡ. ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಅವರು ಕಳುಹಿಸುವ ಗುರುತಿನ ಚೀಟಿಯ ಚಿತ್ರ ಇನ್ನೊಬ್ಬರದ್ದಾಗಿರಬಹುದು. ‘1,500ರ ಬದಲು 15,000 ಹಾಕಿಬಿಟ್ಟೆ, ಉಳಿದದ್ದು ಕಳುಹಿಸಿ’ ಎಂಬ ಕರೆಯೂ ಇದೇ ಜಾತಿಯದು. ಎಸ್‌ಎಂಎಸ್ ಅನ್ನಾಗಲಿ ಸ್ಕ್ರೀನ್‌ಶಾಟ್ ಅನ್ನಾಗಲಿ ನಂಬದೆ ಬ್ಯಾಂಕಿನ ಆ್ಯಪ್ ತೆರೆದು ಬಾಕಿ ನೋಡಿ, ಆಮೇಲೆ ಮಂಚ ಹೊರಗೆ ಹೋಗಲಿ.

ಈಗಾಗಲೇ ಹಣ ಹೋಗಿದ್ದರೆ ನಾಚಿಕೆಪಟ್ಟು ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಜಿಗಿಯುವ ಮೊದಲು ದೂರು ತಲುಪಿದರೆ ಬ್ಯಾಂಕ್ ಅದನ್ನು ತಡೆಹಿಡಿಯಲು ಸಾಧ್ಯವಿದೆ. ಕರೆ ಮಾಡುವಾಗ ವಹಿವಾಟಿನ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ.