ಕರಗಿದ ಬೀಡು ಕಬ್ಬಿಣಕ್ಕೆ ಸೆರಾಮಿಕ್ ಪುಡಿ ಸುರಿದರೆ ಸಾಲದೇ?

ಪ್ರಶ್ನೆ: ನಮ್ಮ ಫೌಂಡ್ರಿಯಲ್ಲಿ ಎಂ-ಸ್ಯಾಂಡ್ ಕ್ರಶರ್‌ಗೆ ಲೈನರ್ ಪ್ಲೇಟ್ (ಕಲ್ಲು ತಾಗುವ ಒಳಮೈಗೆ ಹಾಕುವ ಪ್ಲೇಟ್) ಎರಕ ಹೊಯ್ಯುತ್ತೇವೆ. ತೀರ್ಥಹಳ್ಳಿ ಕಡೆಯ ಗಿರಾಕಿಯೊಬ್ಬರು ‘ಬೇಗ ಸವೆದು ಹೋಗ್ತಿದೆ, ಸೆರಾಮಿಕ್ ಸೇರಿಸಿ ಕೊಡಿ’ ಅಂತಿದ್ದಾರೆ. ಅಲ್ಯೂಮಿನಾ ಪುಡಿಯನ್ನು ಲ್ಯಾಡಲ್‌ಗೆ (ಕರಗಿದ ಲೋಹ ಹೊಯ್ಯುವ ಪಾತ್ರೆಗೆ) ಹಾಕಿ ಕಲಕಿದರೆ ಆಗುತ್ತದಾ ಸಾರ್?
— ಫೌಂಡ್ರಿ ಮೇಸ್ತ್ರಿ, ಮಾಚೇನಹಳ್ಳಿ

ಉತ್ತರ: ಆಗುವುದಿಲ್ಲ. ಪುಡಿಯೂ ದಂಡ, ಎರಕವೂ ದಂಡ. ಅಲ್ಯೂಮಿನಾ ತೂಕದಲ್ಲಿ ಕಬ್ಬಿಣದ ಅರ್ಧದಷ್ಟು. ಮೇಲೆ ತೇಲಿ ಕಿಟ್ಟದ ಜೊತೆ ಹೊರಗೆ ಹೋಗುತ್ತದೆ. ಕರಗಿದ ಕಬ್ಬಿಣ ಅದಕ್ಕೆ ಅಂಟುವುದೂ ಇಲ್ಲ, ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ದುಂಡಗೆ ನಿಂತು ಜಾರುತ್ತದೆ. ಅಲ್ಲೊಂದು ಇಲ್ಲೊಂದು ಕಣ ಒಳಗೆ ಉಳಿದರೂ ಹಿಡಿತ ಇರುವುದಿಲ್ಲ, ಕಲ್ಲು ತಾಗಿದಾಗ ಮೊದಲು ಕಿತ್ತು ಬರುವುದು ಅದೇ.

ಆದರೆ ನಿಮ್ಮ ಗಿರಾಕಿ ಕೇಳಿದ್ದರಲ್ಲಿ ತಪ್ಪಿಲ್ಲ. ಸೆರಾಮಿಕ್ಕನ್ನು ಹೊರಗಿನಿಂದ ತಂದು ಸುರಿಯಬಾರದು, ಅದು ಅಚ್ಚಿನೊಳಗೇ ಹುಟ್ಟಬೇಕು, ಅಷ್ಟೇ. ಇದಕ್ಕೆ ಹೆಚ್ಚಾಗಿ ಬಳಸುವುದು ಟೈಟಾನಿಯಂ ಕಾರ್ಬೈಡ್, ಅಂದರೆ ಟೈಟಾನಿಯಂ ಮತ್ತು ಇಂಗಾಲ ಕೂಡಿ ಆದದ್ದು. ಟೈಟಾನಿಯಂಗೆ ಇಂಗಾಲ ಕಂಡರೆ ಆಸೆ ಜಾಸ್ತಿ, ಬಿಸಿ ಸಿಕ್ಕಿದ ಕೂಡಲೇ ಹೋಗಿ ಕೂಡಿಕೊಳ್ಳುತ್ತದೆ. ಬೀಡಿನಲ್ಲಂತೂ ಶೇಕಡಾ 3ರ ಆಸುಪಾಸು ಇಂಗಾಲ ಇದ್ದೇ ಇರುತ್ತದೆ. 1923ರಲ್ಲಿ ಭದ್ರಾವತಿಯಲ್ಲಿ ಬೀಡು ತೆಗೆಯಲು ಶುರು ಮಾಡಿದಾಗ ಆ ಇಂಗಾಲ ನಮ್ಮ ಕಾಡಿನ ಮರದ ಇದ್ದಿಲಿನಿಂದ ಬರುತ್ತಿತ್ತು, ಈಗ ಎಲ್ಲಿಂದ ಬಂದರೂ ಟೈಟಾನಿಯಂಗೆ ಎಲ್ಲ ಒಂದೇ.

ಹಾಗಾದರೆ ಲ್ಯಾಡಲ್‌ಗೆ ಫೆರೋ-ಟೈಟಾನಿಯಂ (ಕಬ್ಬಿಣ, ಟೈಟಾನಿಯಂ ಸೇರಿದ ಮಿಶ್ರಲೋಹ) ಹಾಕಿದರೆ ಸಾಕಲ್ವಾ ಅಂತ ಕೇಳಬಹುದು. ಸ್ವಲ್ಪ ಮಟ್ಟಿಗೆ ಸರಿ. ಆದರೆ ಒಂದು ಕಿಲೋ ಟೈಟಾನಿಯಂ ಸುಮಾರು ಕಾಲು ಕಿಲೋ ಇಂಗಾಲವನ್ನು ನುಂಗುತ್ತದೆ, ನಿಮ್ಮ ಲೆಕ್ಕವೆಲ್ಲ ತಲೆಕೆಳಗು. ಗಾಳಿಯ ಆಕ್ಸಿಜನ್, ನೈಟ್ರೋಜನ್ನಿಗೂ ಒಂದಷ್ಟು ಹೋಗುತ್ತದೆ. ಕಣ ಜಾಸ್ತಿ ಆದಷ್ಟೂ ಲೋಹ ಮಂದವಾಗಿ ಅಚ್ಚಿನ ಮೂಲೆಗೆ ಹರಿಯುವುದಿಲ್ಲ.

ನನಗೆ ಸರಿ ಅನ್ನಿಸುವುದು ಇನ್ನೊಂದು ದಾರಿ. ತೂಕದಲ್ಲಿ ಟೈಟಾನಿಯಂ ಪುಡಿ ನಾಲ್ಕು ಪಾಲು, ಗ್ರಾಫೈಟ್ ಪುಡಿ ಒಂದು ಪಾಲು, ಜೊತೆಗೆ ಕಬ್ಬಿಣದ ಪುಡಿ ಸೇರಿಸಿ ಒತ್ತಿ ಬಿಲ್ಲೆ ಮಾಡಿ, ಪ್ಲೇಟಿನ ಸವೆಯುವ ಮುಖ ಎಲ್ಲಿ ಬರುತ್ತದೋ ಅಲ್ಲಿ ಮಾತ್ರ ಅಚ್ಚಿನೊಳಗೆ ಕೂರಿಸುತ್ತಾರೆ. ಮೇಲೆ ಲೋಹ ಹೊಯ್ದಾಗ ಅದರ ಬಿಸಿಗೆ ಬಿಲ್ಲೆ ತಾನೇ ಹತ್ತಿಕೊಳ್ಳುತ್ತದೆ, ಕ್ಷಣಗಳಲ್ಲಿ ಕೆಲಸ ಮುಗಿಯುತ್ತದೆ. ಬರೀ ಟೈಟಾನಿಯಂ, ಗ್ರಾಫೈಟ್ ಇದ್ದರೆ ಶಾಖ 3000 ಡಿಗ್ರಿ ಸೆಲ್ಸಿಯಸ್ ತನಕ ಏರಬಲ್ಲದು. ಅದನ್ನು ಹದಕ್ಕೆ ಹಿಡಿಯಲೆಂದೇ ಕಬ್ಬಿಣದ ಪುಡಿ. ತಣಿದ ಮೇಲೆ ಆ ಜಾಗ ಕತ್ತರಿಸಿ, ಪಾಲಿಶ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಲವೇ ಮೈಕ್ರಾನ್ ಗಾತ್ರದ ಉರುಟು ಕಣಗಳು ಒತ್ತೊತ್ತಾಗಿ ಕಾಣುತ್ತವೆ, ನಡುವಿನ ಸಂದಿಗಳಲ್ಲೆಲ್ಲ ಕಬ್ಬಿಣ ತುಂಬಿಕೊಂಡಿರುತ್ತದೆ. ಹೊರಗಿನ ಗಾಳಿ ಸೋಕದೆ, ಲೋಹದೊಳಗೇ ಹುಟ್ಟಿದ ಕಣ ಅದು. ಮೈಮೇಲೆ ಕೊಳೆ ಇಲ್ಲ, ಹಿಡಿತ ಗಟ್ಟಿ.

ಗಡಸುತನ ನೋಡಿ. ಕಲ್ಲಿನೊಳಗಿನ ಬೆಣಚು ವಿಕರ್ಸ್ ಅಳತೆಯಲ್ಲಿ ಸುಮಾರು 1100. ಸಾಮಾನ್ಯ ಬೂದು ಬೀಡು 200ರ ಆಸುಪಾಸು, ಆದ್ದರಿಂದಲೇ ಕೆರೆದು ಹೋಗುತ್ತದೆ. ಟೈಟಾನಿಯಂ ಕಾರ್ಬೈಡ್ 3000ದ ಹತ್ತಿರ. ಬೆಣಚಿಗೆ ಅದನ್ನು ಗೀರುವ ಶಕ್ತಿ ಇಲ್ಲ.

ಕೈ ಹಾಕುವ ಮುಂಚೆ ಕೆಲವು ವಿಷಯ ದಯವಿಟ್ಟು ಗಮನಿಸಿ. ಟೈಟಾನಿಯಂ ಪುಡಿ ಕಿಡಿ ತಾಗಿದರೆ ಹೊತ್ತಿ ಉರಿಯುತ್ತದೆ, ಅದಕ್ಕೆ ನೀರು ಹಾಕಲೇಬಾರದು, ಒಣ ಮರಳು ಪಕ್ಕದಲ್ಲೇ ಇರಲಿ. ನಮ್ಮ ಮಳೆಗಾಲದಲ್ಲಿ ಬಿಲ್ಲೆ ಸುಮ್ನೆ ಇಟ್ಟರೂ ತೇವ ಎಳೆಯುತ್ತದೆ. ಓವನ್‌ನಲ್ಲಿ ಒಣಗಿಸದೆ ಹಾಕಿದರೆ ಎರಕದ ತುಂಬ ಗಾಳಿಗುಳ್ಳೆ, ಲೋಹ ಸಿಡಿಯುವ ಅಪಾಯ ಬೇರೆ. ಬೋಲ್ಟ್ ತೂತನ್ನು ಆ ಜಾಗದಿಂದ ದೂರ ಇಡಿ, ಡ್ರಿಲ್ ಬಿಟ್ ಅಲ್ಲಿ ಇಳಿಯುವುದಿಲ್ಲ. ಇನ್ನೊಂದು, ಹಳೆಯ ಪ್ಲೇಟುಗಳನ್ನು ಎಸ್‌ಜಿ ಐರನ್ (ಒಳಗಿನ ಗ್ರಾಫೈಟ್ ಗುಂಡಗೆ ಕಟ್ಟಿದ ಬೀಡು) ಕುಲುಮೆಗೆ ಗುಜರಿಯಾಗಿ ಹಾಕಬೇಡಿ. ಟೈಟಾನಿಯಂ ಸೇರಿದರೆ ಗ್ರಾಫೈಟ್ ಗುಂಡಗೆ ಕಟ್ಟುವುದಿಲ್ಲ, ಇಡೀ ಹೀಟ್, ಅಂದರೆ ಆ ಸಲ ಕರಗಿಸಿದ ಲೋಹವೆಲ್ಲ ಕೆಡುತ್ತದೆ. ಗುಜರಿ ರಾಶಿಯನ್ನೇ ಬೇರೆ ಮಾಡಿ.

ಪ್ರಶ್ನೆ: ಟೈಟಾನಿಯಂ ಯಾಕೆ? ಟಂಗ್‌ಸ್ಟನ್ ಕಾರ್ಬೈಡ್ ಆಗುವುದಿಲ್ಲವೇ?
— ಪಾಲಿಟೆಕ್ನಿಕ್ ವಿದ್ಯಾರ್ಥಿನಿ, ಸಾಗರ

ಉತ್ತರ: ಆಗುತ್ತದೆ, ಆದರೆ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 15 ಗ್ರಾಂಗಿಂತ ಜಾಸ್ತಿ. ಕರಗಿದ ಕಬ್ಬಿಣದ್ದು 7ರ ಹತ್ತಿರ, ಹಾಗಾಗಿ ತಳಕ್ಕೆ ಇಳಿಯುತ್ತದೆ. ಕಬ್ಬಿಣದಲ್ಲಿ ಒಂದಷ್ಟು ಕರಗಿಯೂ ಹೋಗುತ್ತದೆ. ಟೈಟಾನಿಯಂ ಕಾರ್ಬೈಡಿನದು ಸುಮಾರು 4.9, ತೇಲುತ್ತದೆ, ಬಿಲ್ಲೆಯನ್ನು ಅಚ್ಚಿನಲ್ಲಿ ಭದ್ರವಾಗಿ ಕೂರಿಸಬೇಕಾಗುವುದಕ್ಕೆ ಇದೂ ಒಂದು ಕಾರಣ. ನಿಯೋಬಿಯಂ ಕಾರ್ಬೈಡ್ 7.8, ಕಬ್ಬಿಣಕ್ಕೆ ತೀರಾ ಹತ್ತಿರ, ಆದರೆ ದುಬಾರಿ. ಹೀಗೆ ತಾನೇ ಹೊತ್ತಿಕೊಂಡು ಮುಂದುವರಿಯುವ ಕ್ರಿಯೆಯನ್ನು 1967ರಲ್ಲಿ ಸೋವಿಯತ್ ಒಕ್ಕೂಟದ ಮೆರ್ಝಾನೋವ್ ಮತ್ತು ಜೊತೆಗಾರರು ಗುರುತಿಸಿದರು. ಪ್ರಾಜೆಕ್ಟ್ ಮಾಡುವುದಾದರೆ ಅಲ್ಲಿಂದ ಓದಲು ಶುರು ಮಾಡಿ.